ಅಣ್ಣಾವ್ರ ಊರು ಗಡಿಯಾಚೆಗಿದೆ!

ಒಂದು ಸುಲಭದ ಪ್ರಶ್ನೆ. ವರನಟ ಡಾ. ರಾಜ್‌ಕುಮಾರ್ ಹುಟ್ಟಿದ ಊರು ಯಾವುದು? "ಗಾಜನೂರು!" ಅಂತ ಟಾಕೀಸಿನ ಮುಂದೆ ಕಡಲೆಕಾಯಿ ಮಾರುವ ಹುಡುಗನೂ ಹೇಳಿಬಿಡ್ತಾನೆ. ಸರಿ, ನೂರಕ್ಕೆ ನೂರು. ಈಗ ಎರಡನೇ ಪ್ರಶ್ನೆ. ಆ ಗಾಜನೂರು ಎಲ್ಲಿದೆ?

ಇಲ್ಲಿಂದ ಜಗಳ ಶುರು. ತುಮಕೂರಿನ ನಮ್ಮ ಉಪ್ಪಾರಹಳ್ಳಿಯ ಟೀ ಅಂಗಡಿಯಲ್ಲಿ ಕೇಳಿ ನೋಡಿದೆ. ಒಬ್ಬ ಶಿವಮೊಗ್ಗ ಅಂದ. ಅಲ್ಲೂ ಒಂದು ಗಾಜನೂರು ಇದೆ, ತುಂಗಾ ನದಿಗೆ ಅಣೆಕಟ್ಟು ಕಟ್ಟಿರುವ ಊರು, ಅದು ಬೇರೆ. ಇನ್ನೊಬ್ಬ ಮೈಸೂರು ಅಂದ. ಮತ್ತೊಬ್ಬ "ಚಾಮರಾಜನಗರ ಕಣೋ" ಅಂತ ಮೇಜು ಕುಟ್ಟಿದ. ಮೂವರೂ ಫೇಲು! ಕನ್ನಡದ ಕಣ್ಮಣಿ, ಗೋಕಾಕ್ ಚಳವಳಿಗೆ ಜೀವ ತುಂಬಿದ ನಾಯಕ, ಅಭಿಮಾನಿಗಳನ್ನೇ ದೇವರೆಂದ ನಟ ಹುಟ್ಟಿದ ಊರು ಇವತ್ತು ಇರುವುದು ತಮಿಳುನಾಡಿನಲ್ಲಿ. ಈರೋಡ್ ಜಿಲ್ಲೆ, ತಾಳವಾಡಿ ತಾಲ್ಲೂಕು, ದೊಡ್ಡ ಗಾಜನೂರು.

ಹೇಳಿದ್ದೇ ತಡ, ಮೇಜು ಕುಟ್ಟಿದವನ ಮುಖ ಸಪ್ಪಗಾಯಿತು. "ಹಾಗಾದ್ರೆ ಅಣ್ಣಾವ್ರು ನಮ್ಮೋರಲ್ವಾ?" ಅಂದುಬಿಟ್ಟ! ಅದೇ ಮಾತು ನನ್ನನ್ನು ಬಸ್ಸು ಹತ್ತಿಸಿತು.

ಗುಬ್ಬಿಯ ನಂಟು

ತುಮಕೂರಿನವನಿಗೆ ಗಾಜನೂರಿನಲ್ಲಿ ಏನು ಕೆಲಸ ಅಂತ ಕೇಳಬೇಡಿ. ಈ ಎರಡು ಊರಿನ ನಂಟು ಹಳೆಯದು. 1884ರಲ್ಲಿ ನಮ್ಮ ಪಕ್ಕದ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, ಮುಂದೆ ವೀರಣ್ಣನವರ ಕೈಗೆ ಬಂದು ನಾಡಿಗೆಲ್ಲ 'ಗುಬ್ಬಿ ಕಂಪನಿ' ಆಯಿತು. ಆ ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದವರಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಒಬ್ಬರು. ಅವರ ಮಗ ಮುತ್ತುರಾಜ ಹುಟ್ಟಿದ್ದು 1929ರ ಏಪ್ರಿಲ್ 24ರಂದು, ಗಾಜನೂರಿನಲ್ಲಿ. ಹುಡುಗನ ಶಾಲೆ ಎಂಟನೇ ವಯಸ್ಸಿಗೇ ಮುಗಿಯಿತು. ಆಮೇಲೆ ಅಪ್ಪನ ಹಿಂದೆ ನಾಟಕ, ನಾಟಕ, ನಾಟಕ! ಗುಬ್ಬಿ ಕಂಪನಿಯಲ್ಲೂ ಪಾತ್ರ, ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ಪಾತ್ರ.

1954ರಲ್ಲಿ 'ಬೇಡರ ಕಣ್ಣಪ್ಪ' ಬಂತು. ಅದರ ಹಿಂದೆ ಇದ್ದದ್ದೂ ನಮ್ಮ ಗುಬ್ಬಿ ವೀರಣ್ಣನವರ ಸಂಸ್ಥೆಯೇ, ಜತೆಗೆ ಮದರಾಸಿನ ಎ.ವಿ.ಎಂ. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಮುತ್ತುರಾಜನಿಗೆ ರಾಜ್‌ಕುಮಾರ್ ಅಂತ ಹೆಸರಿಟ್ಟರು. ಅದೇ ಚಿತ್ರದಲ್ಲಿ ನಮ್ಮ ತಿಪಟೂರಿನ ಹುಡುಗ ನರಸಿಂಹರಾಜುವೂ ನಗಿಸಲು ಶುರು ಮಾಡಿದರು. ಗುಬ್ಬಿ, ತಿಪಟೂರು, ಗಾಜನೂರು ಮೂರೂ ಒಂದೇ ಪರದೆಯ ಮೇಲೆ. ಇಷ್ಟು ನಂಟಿದ್ದ ಮೇಲೆ ಒಂದು ಸಲವಾದರೂ ಆ ಊರಿಗೆ ಹೋಗದೆ ಇದ್ದರೆ ಹೇಗೆ?

ಕುಣಿಗಲ್‌ನಿಂದ ಚಾಮರಾಜನಗರಕ್ಕೆ

ತುಮಕೂರಿನಿಂದ ಹೋಗುವವರು ಬೆಂಗಳೂರು ಕಡೆ ತಿರುಗಿಯೂ ನೋಡಬೇಕಾಗಿಲ್ಲ. ಕುಣಿಗಲ್, ಹುಲಿಯೂರುದುರ್ಗ, ಮದ್ದೂರು, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಸಂತೇಮರಹಳ್ಳಿ ಮಾರ್ಗವಾಗಿ ಚಾಮರಾಜನಗರ. ಉದ್ದದ ದಾರಿ, ಬಸ್ಸು ಬದಲಾಯಿಸುತ್ತಾ ಹೋದರೆ ಇಡೀ ದಿನದ ಕೆಲಸ. ಆದರೆ ಈ ದಾರಿಯಲ್ಲೇ ಅಣ್ಣಾವ್ರ ಕಥೆ ಬಿಚ್ಚಿಕೊಳ್ಳುತ್ತದೆ.

ಮಳವಳ್ಳಿ ಸೀಮೆ ಬಂತೋ, ಕಾಡಿನ ಆಚೆ ಕಾವೇರಿ ದಡದಲ್ಲಿ ಮುತ್ತತ್ತಿ. ಅಲ್ಲಿನ ಮುತ್ತತ್ತಿರಾಯ ಅಂದರೆ ಆಂಜನೇಯ. ಮುತ್ತುರಾಜ ಅನ್ನುವ ಹೆಸರು ಆ ದೇವರ ಹೆಸರೇ ಅಂತ ಈ ಕಡೆ ಜನ ಹೇಳುತ್ತಾರೆ. ಕಾವೇರಿ ದಾಟಿದರೆ ಕೊಳ್ಳೇಗಾಲ. ಅಣ್ಣಾವ್ರ ತಂದೆಯ ಹೆಸರಿನ ಮುಂದಿರುವ ಸಿಂಗಾನಲ್ಲೂರು ಈ ಕೊಳ್ಳೇಗಾಲ ಸೀಮೆಯ ಹಳ್ಳಿ. ಈ ಊರಿನ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಚಾಮರಾಜನಗರಕ್ಕೆ ಹಿಂದೆ ಅರಿಕುಠಾರ ಅಂತ ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಹೆಸರು ಬದಲಾಯಿಸಿ, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಮುಖ್ಯಮಂತ್ರಿಯಾದವರು ಈ ಊರಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತೆ ಅನ್ನುವ ಮೂಢನಂಬಿಕೆಗೆ ಸಿಕ್ಕಿ ಬಹಳ ವರ್ಷ ದೊಡ್ಡವರ ಮುಖ ಕಾಣದೆ ಕೂತಿದ್ದ ಊರು. ಮೈಸೂರಿನಿಂದ ಬರುವ ರೈಲು ಇಲ್ಲಿಗೆ ನಿಂತುಬಿಡುತ್ತದೆ. ಮುಂದೆ ಹಳಿ ಇಲ್ಲ. ಹಳಿ ಮುಗಿದಲ್ಲಿ ನಮ್ಮ ಕಥೆ ಶುರು.

ಬೋರ್ಡು ಬದಲಾಯಿತು, ಮಾತು ಬದಲಾಗಲಿಲ್ಲ

ಚಾಮರಾಜನಗರದಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ತಾಳವಾಡಿ. ಕಿಟಕಿ ಪಕ್ಕ ಸೀಟು ಹಿಡಿದು ಕೂತೆ. ಎರಡೂ ಕಡೆ ಬಾಳೆ, ಅರಿಶಿನ, ಕಬ್ಬು. ದೂರದಲ್ಲಿ ನೀಲಿ ಬೆಟ್ಟಗಳು ಸಾಲಾಗಿ ಕೂತಿವೆ, ಮೊದಲ ದಿನದ ಮೊದಲ ಆಟಕ್ಕೆ ಬಂದು ಗೇಟು ತೆಗೆಯುವುದನ್ನೇ ಕಾಯುತ್ತಿರುವ ಜನರ ಹಾಗೆ! ಗಡಿ ಎಲ್ಲಿ ಬರುತ್ತೆ, ಎಲ್ಲಿ ಬರುತ್ತೆ ಅಂತ ಕಣ್ಣು ಬಿಟ್ಟುಕೊಂಡು ನೋಡುತ್ತಾ ಇದ್ದೆ. ಘಟ್ಟ ಹತ್ತಲಿಲ್ಲ, ಹೊಳೆ ದಾಟಲಿಲ್ಲ. ಜೇಬಿನಲ್ಲಿದ್ದ ಮೊಬೈಲು ಟಿಣ್ ಅಂದಿತು. ತಮಿಳುನಾಡಿಗೆ ಸ್ವಾಗತ ಅಂತ ಮೆಸೇಜು! ಗಡಿ ದಾಟಿದ್ದು ನನಗಿಂತ ಮೊದಲು ಫೋನಿಗೆ ಗೊತ್ತಾಗಿತ್ತು.

ತಾಳವಾಡಿ ಸಣ್ಣ ಊರು. 2016ರಲ್ಲಿ ತಾಲ್ಲೂಕಾಯಿತು, ಅದಕ್ಕೂ ಮೊದಲು ಸತ್ಯಮಂಗಲ ತಾಲ್ಲೂಕಿಗೆ ಸೇರಿತ್ತು. ತಮಿಳು ಬೋರ್ಡಿನ ಮಗ್ಗುಲಲ್ಲಿ ಕನ್ನಡ ಬೋರ್ಡು. ಆ ಸರ್ಕಾರದ ಬಸ್ಸೂ ಬರುತ್ತೆ, ಈ ಸರ್ಕಾರದ ಬಸ್ಸೂ ಬರುತ್ತೆ. ಗದ್ದಲ ಅಂದರೆ ಬಸ್ಸು ಬಂದಾಗ ಐದು ನಿಮಿಷ. ಹೋದ ಮೇಲೆ ಮತ್ತೆ ಊರು ಮೌನ. ಬೆಟ್ಟದ ಗಾಳಿ, ತರಕಾರಿ ಮೂಟೆ, ಮರದ ಕೆಳಗೆ ಕೂತ ನಾಲ್ಕು ಹಿರಿಯರು, ಅಷ್ಟೇ.

ಹೋಟೆಲಿನಲ್ಲಿ ಕಾಫಿಗೆ ಕೂತೆ. ಗೋಡೆಯ ಮೇಲೆ ಅಪ್ಪು ನಗುತ್ತಿದ್ದಾರೆ. ತಮಿಳಿನಲ್ಲಿ ಹೇಗೆ ಕೇಳಲಿ ಅಂತ ನಾನು ಶಬ್ದ ಜೋಡಿಸುತ್ತಿದ್ದರೆ, ಯಜಮಾನರೇ ಶುರು ಮಾಡಿದರು.

"ಯಾವೂರು ಬುದ್ಧಿ ನಿಮ್ದು?"

"ತುಮಕೂರು."

"ತುಮ್ಕೂರಾ? ಗುಬ್ಬಿ ತಾವಾ?"

"ಗುಬ್ಬಿ ಪಕ್ಕದಲ್ಲೇ ಇದೆ."

"ಅಯ್ಯೋ, ಗುಬ್ಬಿ ಕಂಪ್ನಿ ಊರೋರಾ! ಕೂತ್ಕಳಿ ಸಾ, ಕೂತ್ಕಳಿ. ನಮ್ ಮುತ್ತಣ್ಣಂಗೆ ಅನ್ನ ಆಕಿದ್ ಕಂಪ್ನಿ ಕನಾ ಅದು."

ನೋಡಿದಿರಾ? ನಮಗೆ ರಾಜಣ್ಣ, ಅಣ್ಣಾವ್ರು, ನಟಸಾರ್ವಭೌಮ. ಇವರಿಗೆ ಇನ್ನೂ ಮುತ್ತಣ್ಣ! ಹೆಸರು ಬದಲಾಗಿ ಎಪ್ಪತ್ತು ವರ್ಷದ ಮೇಲಾಯಿತು, ಇವರ ಬಾಯಲ್ಲಿ ಬದಲಾಗಿಲ್ಲ. ಅಷ್ಟರಲ್ಲಿ ಒಬ್ಬ ಹುಡುಗ ಬಂದು ತಮಿಳಿನಲ್ಲಿ ಏನೋ ಕೇಳಿದ. ಯಜಮಾನರು ಅವನಿಗೆ ತಮಿಳಿನಲ್ಲೇ ಉತ್ತರ ಕೊಟ್ಟು, ಒಳಗಿದ್ದ ಹೆಂಡತಿಗೆ ಕನ್ನಡದಲ್ಲಿ ಕೂಗಿ ಹೇಳಿ, ನನ್ನ ಕಡೆ ತಿರುಗಿದರು. ಒಂದೇ ಉಸಿರಿನಲ್ಲಿ ಎರಡು ಭಾಷೆ. ಇಲ್ಲಿ ಯಾರಿಗೂ ಇದು ವಿಶೇಷವಲ್ಲ.

ಬೆಟ್ಟ ಯಾವ ಕಡೆಗಿದೆ?

ತಾಳವಾಡಿಯನ್ನು ಬೆಟ್ಟದ ಊರು ಅಂತ ಓದಿ ಹೋಗಿದ್ದೆ. ಆದರೆ ನಮ್ಮ ಕಡೆಯಿಂದ ಹೋಗುವವರಿಗೆ ಬೆಟ್ಟ ಹತ್ತಿದ ಹಾಗೆ ಅನಿಸುವುದೇ ಇಲ್ಲ. ಮೈಸೂರು ಸೀಮೆಯ ಬಯಲೇ ಹಾಗೇ ಉದ್ದಕ್ಕೆ ಹೋಗಿ ಅಲ್ಲಿ ಊರಾಗಿದೆ. ಬೆಟ್ಟ ಗೊತ್ತಾಗಬೇಕಾದರೆ ಆ ಕಡೆಯಿಂದ ಬರಬೇಕು.

ಅದನ್ನೂ ನೋಡೇಬಿಡೋಣ ಅಂತ ಮರುದಿನ ಸತ್ಯಮಂಗಲದ ಬಸ್ಸು ಹತ್ತಿದೆ. ಹಾಸನೂರು ದಾಟಿದ ಮೇಲೆ ಕಾಡು. 2013ರಿಂದ ಹುಲಿ ರಕ್ಷಿತಾರಣ್ಯ. ದಿಂಬಂ ಬಂತು. ಇಲ್ಲಿಂದ ಕೆಳಕ್ಕೆ 27 ಹೇರ್‌ಪಿನ್ ತಿರುವು. ಒಂದೊಂದು ತಿರುವಿಗೂ ನಂಬರು ಹಾಕಿದ್ದಾರೆ. ಡ್ರೈವರಣ್ಣ ಸ್ಟೇರಿಂಗನ್ನು ಬೀಸುವ ಕಲ್ಲು ತಿರುಗಿಸಿದ ಹಾಗೆ ತಿರುಗಿಸುತ್ತಾನೆ. ಎದುರಿಗೆ ಲಾರಿ ಬಂದರೆ ಎರಡೂ ನಿಂತು ಮುಖ ಮುಖ ನೋಡಿಕೊಂಡು ಆಮೇಲೆ ಒಬ್ಬರಿಗೊಬ್ಬರು ದಾರಿ ಬಿಡಬೇಕು. ರಸ್ತೆಯಲ್ಲಿ ಸಿಕ್ಕಿ ಸಾಯುವ ಪ್ರಾಣಿಗಳನ್ನು ಉಳಿಸಲು 2022ರ ಫೆಬ್ರವರಿಯಲ್ಲಿ ಮದರಾಸು ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ಕಡಿವಾಣ ಬಿತ್ತು. ಘಟ್ಟದ ಬುಡದಲ್ಲಿ ಬಣ್ಣಾರಿ ಅಮ್ಮನ ಗುಡಿ. ಅಲ್ಲಿ ಇಳಿದಾಗ ಸೆಖೆ ಮುಖಕ್ಕೆ ಹೊಡೆಯಿತು. ತಲೆ ಎತ್ತಿ ನೋಡಿದರೆ ಗೋಡೆ ಎಬ್ಬಿಸಿದ ಹಾಗೆ ಬೆಟ್ಟ! ತಾಳವಾಡಿ ಅದರ ಮೇಲಿದೆ.

ಆಗ ಲೆಕ್ಕ ಅರ್ಥವಾಯಿತು. ತಾಳವಾಡಿಯವನಿಗೆ ತನ್ನ ಜಿಲ್ಲಾ ಕಛೇರಿ ಈರೋಡಿನಲ್ಲಿ, ನೂರು ಕಿಲೋಮೀಟರಿಗೂ ದೂರ, ನಡುವೆ ಕಾಡು, ಆನೆ, 27 ತಿರುವು. ನಮ್ಮ ಜಿಲ್ಲಾ ಕೇಂದ್ರ ಚಾಮರಾಜನಗರ 25 ಕಿಲೋಮೀಟರ್, ರಸ್ತೆ ಸಪಾಟು. ಸಂತೆ, ಸಂಬಂಧ, ಸಿನಿಮಾ ಎಲ್ಲಕ್ಕೂ ಈ ಕಡೆ ಹತ್ತಿರ. ಸಹಿ, ಸೀಲಿಗೆ ಆ ಕಡೆ ಹೋಗಬೇಕು. ನೆಲ ಒಂದು ಕಡೆ ವಾಲಿದೆ, ಕಾಗದ ಇನ್ನೊಂದು ಕಡೆ.

ಒಂದೇ ಜಿಲ್ಲೆಯ ಮೂರು ಊರು

ಈಗ ಸಿಂಗಾನಲ್ಲೂರನ್ನು ನೆನಪಿಗೆ ತಂದುಕೊಳ್ಳಿ.

ಮುತ್ತುರಾಜ ಹುಟ್ಟಿದ 1929ರಲ್ಲಿ ಕೊಳ್ಳೇಗಾಲಕ್ಕೂ ತಾಳವಾಡಿಗೂ ನಡುವೆ ಈ ಗಡಿ ಇರಲೇ ಇಲ್ಲ. ಕೊಳ್ಳೇಗಾಲವೂ ತಾಳವಾಡಿಯೂ ಬ್ರಿಟಿಷರ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ತಂದೆಯ ಊರು ಸಿಂಗಾನಲ್ಲೂರೂ ಅಲ್ಲೇ, ಮಗ ಹುಟ್ಟಿದ ಗಾಜನೂರೂ ಅಲ್ಲೇ. ಭಾಷಾವಾರು ರಾಜ್ಯಗಳಾದಾಗ, 1956ರ ನವೆಂಬರ್ 1ರಂದು, ಕೊಳ್ಳೇಗಾಲ ತಾಲ್ಲೂಕು ನಮ್ಮ ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ಅಂದರೆ ಅಪ್ಪನ ಊರು ಈಚೆ, ಮಗನ ಊರು ಆಚೆ! ಅಷ್ಟು ಹೊತ್ತಿಗೆ 'ಬೇಡರ ಕಣ್ಣಪ್ಪ' ಬಂದು ಎರಡು ವರ್ಷವಾಗಿತ್ತು. ಅಣ್ಣಾವ್ರು ಆಗಲೇ ನಮ್ಮವರಾಗಿಬಿಟ್ಟಿದ್ದರು. ಅವರ ಮೇಲೆ ಗೆರೆ ಎಳೆಯಲು ಯಾವ ಆಯೋಗದಿಂದಲೂ ಆಗಲಿಲ್ಲ.

ಇಷ್ಟೇ ಆಗಿದ್ದರೆ ಇದೊಂದು ಚೋದ್ಯ ಅಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಅದೇ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಇನ್ನೊಂದು ಊರಿತ್ತು. ಗೋಪಿನಾಥಂ! ಕಾವೇರಿ ಪಕ್ಕದ ಕಾಡಿನ ಊರು. 1952ರಲ್ಲಿ ಅಲ್ಲಿ ಒಬ್ಬ ಹುಡುಗ ಹುಟ್ಟಿದ. ಮುಂದೆ ಆನೆದಂತಕ್ಕೆ, ಗಂಧದ ಮರಕ್ಕೆ, ಮನುಷ್ಯರ ಪ್ರಾಣಕ್ಕೆ ಕೈಯಿಟ್ಟ ವೀರಪ್ಪನ್. 1956ರಲ್ಲಿ ಗೋಪಿನಾಥಂ ಕೂಡ ನಮ್ಮ ಪಾಲಿಗೆ ಬಂತು.

ಲೆಕ್ಕ ಹಾಕಿ ನೋಡಿ. ಕನ್ನಡಕ್ಕಾಗಿಯೇ ಬದುಕಿದ ನಟನ ಊರು ತಮಿಳುನಾಡಿಗೆ ಹೋಯಿತು. ಮುಂದೊಂದು ದಿನ ತಮಿಳಿನ ಹೆಸರು ಹೇಳಿ ಬಂದೂಕು ಎತ್ತಿದವನ ಊರು ಕರ್ನಾಟಕಕ್ಕೆ ಬಂತು. ಯಾವ ಚಿತ್ರಕಥೆಗಾರನೂ ಹೀಗೆ ಬರೆಯಲಾರ. ಬರೆದರೆ ನಿರ್ಮಾಪಕರು "ಜನ ನಂಬಲ್ಲ ಕಣಯ್ಯ" ಅಂತ ಹಾಳೆ ಹರಿದು ಹಾಕುತ್ತಾರೆ.

108 ದಿನ

1973ರಲ್ಲಿ 'ಗಂಧದ ಗುಡಿ' ಬಂತು. ಎಂ.ಪಿ. ಶಂಕರ್ ನಿರ್ಮಾಣ, ವಿಜಯ್ ನಿರ್ದೇಶನ, ಜತೆಯಲ್ಲಿ ವಿಷ್ಣುವರ್ಧನ್. ಕಾಡು ಕಾಯುವ ಅಧಿಕಾರಿಯ ಪಾತ್ರದಲ್ಲಿ ಅಣ್ಣಾವ್ರು ಕಳ್ಳಸಾಗಣೆದಾರರನ್ನು ಬಗ್ಗು ಬಡಿದಾಗ ಥಿಯೇಟರಿನಲ್ಲಿ ಬಿದ್ದ ಶಿಳ್ಳೆಗೆ ಲೆಕ್ಕವಿಲ್ಲ. ಅದೇ ವರ್ಷ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು.

27 ವರ್ಷದ ನಂತರ ಪರದೆ ಕಥೆ ತಿರುಗಿ ನಿಂತಿತು. 2000ದ ಜುಲೈ 30ರ ರಾತ್ರಿ. ಅಣ್ಣಾವ್ರಿಗೆ ಆಗ 71 ವರ್ಷ. ಗಾಜನೂರಿನ ಮನೆಗೆ ಬಂದಿದ್ದರು. ವೀರಪ್ಪನ್ ಬಂದೂಕುಧಾರಿಗಳೊಂದಿಗೆ ಮನೆ ಹೊಕ್ಕ. ಪಾರ್ವತಮ್ಮನವರ ಕೈಗೆ ಮುಖ್ಯಮಂತ್ರಿಗೆ ಕೊಡಿ ಅಂತ ಒಂದು ಕ್ಯಾಸೆಟ್ ಕೊಟ್ಟು, ಅಣ್ಣಾವ್ರನ್ನೂ ಜತೆಗಿದ್ದ ಮೂವರನ್ನೂ ಕತ್ತಲೆ ಕಾಡಿಗೆ ಕರೆದುಕೊಂಡು ಹೋದ.

ಆಗ ನನಗೆ ತೊಟ್ಟಿಲು ಬಿಟ್ಟ ವಯಸ್ಸು. ಮನೆಯವರು ಹೇಳಿದ್ದನ್ನು ಕೇಳಿ ಗೊತ್ತಷ್ಟೆ. ಬೆಂಗಳೂರು ಬಂದ್, ಟಾಕೀಸುಗಳು ಬಂದ್, ಶೂಟಿಂಗ್ ಬಂದ್. ರೇಡಿಯೋ ಮುಂದೆ, ಟಿ.ವಿ. ಮುಂದೆ ನಾಡು ಕೂತಿತ್ತು. ಕಾಡಿನವನ ಬೇಡಿಕೆಗಳಲ್ಲಿ ಕಾವೇರಿ ನೀರೂ ಇತ್ತು, ಬೆಂಗಳೂರಿನಲ್ಲಿ ಮುಸುಕು ಹಾಕಿ ನಿಲ್ಲಿಸಿದ್ದ ತಿರುವಳ್ಳುವರ್ ಪ್ರತಿಮೆಯೂ ಇತ್ತು. ಸಂಧಾನಕ್ಕೆ ಮೊದಲು ನಕ್ಕೀರನ್ ಪತ್ರಿಕೆಯ ಗೋಪಾಲ್ ಹೋದರು, ಆಮೇಲೆ ನೆಡುಮಾರನ್ ಅವರೂ ಹೋದರು. ಇಬ್ಬರೂ ತಮಿಳರೇ. ನವೆಂಬರ್ 15ರಂದು ಅಣ್ಣಾವ್ರು ಹೊರಗೆ ಬಂದರು. 108 ದಿನ! ಕರೆದುಕೊಂಡು ಹೋದವನೂ ತಮಿಳಿನವನು, ಕರೆತರಲು ಓಡಾಡಿದವರೂ ತಮಿಳಿನವರು. ಈ ಎರಡನೇ ಮಾತನ್ನು ನಾವು ಬೇಗ ಮರೆತೆವು.

ವೀರಪ್ಪನ್ 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಅಣ್ಣಾವ್ರು 2006ರ ಏಪ್ರಿಲ್ 12ರಂದು ನಮ್ಮನ್ನು ಬಿಟ್ಟು ಹೋದರು. ಅಪಹರಣದ ಕೇಸು ಎಳೆದು ಎಳೆದು 2018ರ ಸೆಪ್ಟೆಂಬರ್‌ನಲ್ಲಿ ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯ ಒಂಬತ್ತು ಆರೋಪಿಗಳನ್ನು ಖುಲಾಸೆ ಮಾಡಿತು. ಇನ್ನು ಆ ಪ್ರತಿಮೆಯ ವಿಷಯ. 2009ರ ಆಗಸ್ಟ್ 9ರಂದು ಬೆಂಗಳೂರಿನಲ್ಲಿ ತಿರುವಳ್ಳುವರ್ ಮುಸುಕು ತೆಗೆದರು, ಆಗಸ್ಟ್ 13ರಂದು ಚೆನ್ನೈನಲ್ಲಿ ನಮ್ಮ ಸರ್ವಜ್ಞ ಎದ್ದು ನಿಂತ. ನಾಲ್ಕು ದಿನದಲ್ಲಿ ಎರಡೂ ಮುಗಿಯಿತು. ಬಂದೂಕಿನಿಂದ ಆಗದ ಕೆಲಸ ಕೂತು ಮಾತಾಡಿದ್ದರಿಂದ ಆಯಿತು.

ಗಾಜನೂರಿನಲ್ಲಿ

ತಾಳವಾಡಿಯಿಂದ ಗಾಜನೂರಿಗೆ ಆಟೋ ಹಿಡಿದೆ. ಆಟೋದ ತಮ್ಮನಿಗೆ ಇಪ್ಪತ್ತೆರಡು, ಇಪ್ಪತ್ತಮೂರು ಇರಬಹುದು. ಡ್ಯಾಶ್‌ಬೋರ್ಡಿನಲ್ಲಿ ಒಂದು ಕಡೆ ಅಪ್ಪು, ಇನ್ನೊಂದು ಕಡೆ ವಿಜಯ್. "ಯಾರ ಫ್ಯಾನಪ್ಪಾ ನೀನು?" ಅಂದೆ. "ಇಬ್ರುದೂ ಅಣ್ಣ. ಯಾಕೆ, ಒಬ್ರುದೇ ಆಗ್ಬೇಕಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ದೊಡ್ಡ ಗಾಜನೂರು ಹೊಲಗಳ ನಡುವಿನ ಹಳ್ಳಿ. ಹೆಂಚಿನ ಮನೆಗಳು, ದನದ ಕೊಟ್ಟಿಗೆ, ಜಗಲಿ. ಅಣ್ಣಾವ್ರ ಹಳೇ ಮನೆ ಯಾವುದು ಅಂತ ಕೇಳಿದರೆ ಚಿಕ್ಕ ಮಕ್ಕಳೂ ಕೈ ತೋರಿಸುತ್ತವೆ. ಅದೂ ಹೆಂಚಿನ ಮನೆಯೇ. ಅರಮನೆಯಲ್ಲ, ಮಯೂರನ ಸಿಂಹಾಸನವೂ ಇಲ್ಲ. ಮುಂದೆ ನಿಂತು ಜೈಕಾರ ಹಾಕಬೇಕು ಅಂತ ಬಸ್ಸಿನಲ್ಲಿ ಅಂದುಕೊಂಡು ಬಂದಿದ್ದೆ. ಬಾಯಿ ಬರಲಿಲ್ಲ. ಆ ಬೀದಿಯ ಮೌನಕ್ಕೆ ಜೈಕಾರ ಹೊಂದುವುದಿಲ್ಲ. ಮದರಾಸಿನಲ್ಲಿ ವರ್ಷಾನುಗಟ್ಟಲೆ ಇದ್ದು, ಬೆಂಗಳೂರಿನಲ್ಲಿ ನೆಲೆ ನಿಂತರೂ ಅಣ್ಣಾವ್ರು ಉಸಿರು ಬಿಡೋಕೆ ಯಾಕೆ ಇಲ್ಲಿಗೇ ಓಡಿ ಬರುತ್ತಿದ್ದರು ಅಂತ ಅಲ್ಲಿ ಐದು ನಿಮಿಷ ನಿಂತರೆ ತಿಳಿಯುತ್ತೆ. ಇಲ್ಲಿ ಅವರು ಯಾರಿಗೂ ದೇವರಾಗಬೇಕಾಗಿರಲಿಲ್ಲ. ಮುತ್ತಣ್ಣನಾಗಿದ್ದರೆ ಸಾಕಿತ್ತು.

ಪಕ್ಕದ ಹೊಲದಲ್ಲಿ ಕೋಸು ಕಟಾವು ನಡೆದಿತ್ತು. ಅಲ್ಲಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ. ಸಿನಿಮಾ ಬಗ್ಗೆ ನಾಲ್ಕು ಮಾತು, ಆನೆ ಬಗ್ಗೆ ನಲವತ್ತು ಮಾತು! ರಾತ್ರಿ ಕಾಡಿನಿಂದ ಇಳಿದು ಬಂದರೆ ಬಾಳೆ ಇಲ್ಲ, ಕಬ್ಬಿಲ್ಲ. ಮಚಾನು ಕಟ್ಟಿ, ಬೆಂಕಿ ಹಾಕಿ ಕಾಯಬೇಕು. "ಆನೆಗೆ ಯಾವ್ ಸರ್ಕಾರ ಸಾ? ಅದು ಆ ಕಡಿಂದಲೂ ಬತ್ತದೆ, ಈ ಕಡಿಂದಲೂ ಬತ್ತದೆ" ಅಂದರು. ಗಡಿಯ ಬಗ್ಗೆ ಇದಕ್ಕಿಂತ ಒಳ್ಳೇ ಸಂಭಾಷಣೆ ನಾನು ಯಾವ ಚಿತ್ರದಲ್ಲೂ ಕೇಳಿಲ್ಲ.

ಇದೇ ತಾಳವಾಡಿ ಸೀಮೆಯಲ್ಲಿ ಗುಮಟಾಪುರ ಅಂತ ಊರಿದೆ. ದೀಪಾವಳಿಯ ಬಲಿಪಾಡ್ಯಮಿ ಮುಗಿದ ಮಾರನೇ ದಿನ ಅಲ್ಲಿ ಗೊರೆಹಬ್ಬ. ಊರ ಸಗಣಿಯನ್ನೆಲ್ಲ ಬೀರೇಶ್ವರನ ಗುಡಿ ಹತ್ತಿರ ರಾಶಿ ಹಾಕುತ್ತಾರೆ. ಗಂಡಸರು, ಹುಡುಗರು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ನಗು, ಕೇಕೆ, ಜಾತ್ರೆ! ಕನ್ನಡ ಮಾತಾಡುವ ಊರು, ತಮಿಳುನಾಡಿನ ಸರ್ಕಾರ, ನೋಡಲು ಎರಡೂ ರಾಜ್ಯದಿಂದ ಬರುವ ಜನ. ವರ್ಷಕ್ಕೊಮ್ಮೆ ಎರಡು ರಾಜ್ಯದವರೂ ಕೆಸರೆರಚಿಕೊಳ್ಳಲೇಬೇಕು ಅಂತಿದ್ದರೆ ಗುಮಟಾಪುರದವರ ಹತ್ತಿರ ಕಲಿಯಲಿ. ಆಟ ಮುಗಿದ ಮೇಲೆ ಎಲ್ಲರೂ ಸ್ನಾನ ಮಾಡಿ ಮನೆಗೆ ಹೋಗುತ್ತಾರೆ.

ಜೈಕಾರಕ್ಕಿಂತ ದೊಡ್ಡದು

ಈಗ ಕೊಂಚ ಗಂಭೀರವಾದ ಮಾತು. 1982ರ ಗೋಕಾಕ್ ಚಳವಳಿ ನಿಮಗೆ ಗೊತ್ತು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಅಂತ ಅಣ್ಣಾವ್ರು ಊರೂರು ತಿರುಗಿದರು, ಜನಸಾಗರ ಸೇರಿತು, ಸರ್ಕಾರ ಬಗ್ಗಿತು. ಆದರೆ ಅಣ್ಣಾವ್ರು ಹುಟ್ಟಿದ ಊರಿನ ಮಗುವಿಗೆ ಅದು ಅನ್ವಯಿಸಲಿಲ್ಲ. ನಮ್ಮ ಸರ್ಕಾರದ ಆದೇಶ ಆ ಮೊಬೈಲು ಟಿಣ್ ಅನ್ನುವ ಜಾಗದಲ್ಲಿ ನಿಂತುಬಿಡುತ್ತದೆ.

ತಾಳವಾಡಿ ಭಾಗದಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ತಮಿಳುನಾಡು ಸರ್ಕಾರವೇ ನಡೆಸುವ ಶಾಲೆಗಳು. 2006ರಲ್ಲಿ ಆ ಸರ್ಕಾರ ತಮಿಳು ಕಲಿಕೆ ಕಾಯ್ದೆ ತಂದಿತು. ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿ ಏರುತ್ತಾ 2015-16ಕ್ಕೆ ಹತ್ತನೇ ತರಗತಿ ಮುಟ್ಟಿತು. ತಮಿಳು ಕಲಿಯುವುದು ತಪ್ಪೇ? ಖಂಡಿತಾ ಅಲ್ಲ, ಅಲ್ಲಿ ಬಾಳುವವನಿಗೆ ಅದು ಬೇಕೇ ಬೇಕು. ಕರ್ನಾಟಕದಲ್ಲಿರುವ ತಮಿಳು ಹುಡುಗನಿಗೆ ಕನ್ನಡ ಬೇಕು ಅಂತ ನಾವೂ ಹೇಳುತ್ತೇವಲ್ಲ, ಹಾಗೆ. ಕಷ್ಟ ಇರುವುದು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ, ಪರೀಕ್ಷೆಯ ಹೊತ್ತಿಗೆ ತಮಿಳಿನ ಭಯ ಅನ್ನುವ ಮಗುವಿಗೆ. ಕನ್ನಡ ಬಿಡಿಸಿ ಬೇರೆ ಶಾಲೆಗೆ ಹಾಕಿಬಿಡೋಣ ಅಂತ ತಂದೆ ತಾಯಿ ಯೋಚಿಸಿದರೆ ಅವರನ್ನು ಬೈಯುವ ಹಕ್ಕು ತುಮಕೂರಿನಲ್ಲಿ ಕೂತ ನನಗಂತೂ ಇಲ್ಲ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ಪುಸ್ತಕ ಕೈಬಿಟ್ಟರೆ ಮತ್ತೆ ಹಿಡಿಯುವುದು ಎಷ್ಟು ಕಷ್ಟ ಅಂತ ಬಲ್ಲೆ.

ಅಲ್ಲಿನ ಮಕ್ಕಳ ಬಾಯಲ್ಲಿ ಕನ್ನಡ ಉಳಿದಿದೆ. ಉಳಿಸಿದ್ದು ನಮ್ಮ ಘೋಷಣೆಯಲ್ಲ. ಮನೆಯ ಮಾತು ಉಳಿಸಿದೆ, ಹಬ್ಬ ಉಳಿಸಿದೆ, ಜತೆಗೆ ನಮ್ಮ ಸಿನಿಮಾ ಕೂಡ ಉಳಿಸಿದೆ. ಓದಲು ಕನ್ನಡ ಪುಸ್ತಕ ಸಿಗದ ಹುಡುಗನಿಗೂ ಅಪ್ಪು ಹಾಡು ಬಾಯಿಪಾಠ. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ಇಲ್ಲಿ ಮನೆ ಮನೆಯಲ್ಲಿ ಅಡುಗೆ ಮಾಡಲಿಲ್ಲ ಅಂತ ಆ ಆಟೋ ತಮ್ಮ ಹೇಳಿದ. ನಮ್ಮ ನಿರ್ಮಾಪಕರು, ನಿರ್ದೇಶಕರು ಇದನ್ನು ನೆನಪಿಡಬೇಕು. ಒಂದು ಒಳ್ಳೆಯ ಕನ್ನಡ ಚಿತ್ರ ಗಡಿಯಾಚೆ ಒಂದು ಶಾಲೆಯ ಕೆಲಸ ಮಾಡುತ್ತದೆ. ಕೆಟ್ಟ ಕನ್ನಡದ ಚಿತ್ರ ಅಲ್ಲಿ ಎರಡರಷ್ಟು ಕೆಡುಕು ಮಾಡುತ್ತದೆ.

"ಅಣ್ಣಾವ್ರು ನಮ್ಮೋರಲ್ವಾ?" ಅಂತ ಕೇಳಿದ ಗೆಳೆಯನಿಗೆ ನಾನು ಹೇಳುವುದು ಇಷ್ಟು. ಅಣ್ಣಾವ್ರು ನಮ್ಮವರಾದದ್ದು ನೆಲ ನಮ್ಮದು ಅಂತಲ್ಲ, ಅವರು ಆಡಿದ ಮಾತು ನಮ್ಮದು ಅಂತ. ಇನ್ನೂರಕ್ಕೂ ಹೆಚ್ಚು ಚಿತ್ರ ಮಾಡಿದರು. ಕಣ್ಣಪ್ಪನ ಕಥೆಯನ್ನೇ ತೆಲುಗಿನಲ್ಲಿ ಮಾಡಿದ್ದು ಬಿಟ್ಟರೆ ನಾಯಕನಾಗಿ ಬೇರೆ ಭಾಷೆಯ ಚಿತ್ರಕ್ಕೆ ಹೋಗಲಿಲ್ಲ. ತಮಿಳುನಾಡಿಗೆ ಸೇರಿದ ಊರಿನಲ್ಲಿ ಹುಟ್ಟಿ, ಮದರಾಸಿನಲ್ಲಿ ವಾಸವಿದ್ದು, ಅಲ್ಲಿನ ಸ್ಟುಡಿಯೋಗಳಲ್ಲಿ ಬಣ್ಣ ಹಚ್ಚಿದ ಮನುಷ್ಯ ಆಯ್ದುಕೊಂಡದ್ದು ಕನ್ನಡವನ್ನು. ಗಡಿಯ ಒಳಗೆ ಹುಟ್ಟಿದವನಿಗೆ ಕನ್ನಡ ಪುಕ್ಕಟೆ ಸಿಗುತ್ತದೆ. ಗಡಿಯಾಚೆಯವನು ಅದನ್ನು ದಿನಾ ಆಯ್ದುಕೊಳ್ಳಬೇಕು. ಗಾಜನೂರಿನ ಮಕ್ಕಳು ಇವತ್ತೂ ಅದನ್ನೇ ಮಾಡುತ್ತಿದ್ದಾರೆ.

ಹೋಗುವವರಿಗೆ ನಾಲ್ಕು ಮಾತು

ಚಾಮರಾಜನಗರದವರೆಗೆ ಬಸ್ಸೋ ರೈಲೋ ನಿಮ್ಮಿಷ್ಟ. ಬೆಳಗ್ಗೆ ಬೇಗ ಹೊರಟರೆ ತಾಳವಾಡಿ, ಗಾಜನೂರು ನೋಡಿ ಸಂಜೆಗೆ ವಾಪಸ್ಸಾಗಬಹುದು. ದಿಂಬಂ ಘಟ್ಟ ನೋಡುವ ಆಸೆ ಇದ್ದರೆ ಹಗಲಿನಲ್ಲೇ ಮುಗಿಸಿ, ಕತ್ತಲಾದ ಮೇಲೆ ಆ ದಾರಿ ಪ್ರಾಣಿಗಳದ್ದು. ಬೈಕಿನಲ್ಲಿ ಹೋಗುವ ಗೆಳೆಯರು ಕಾಡಿನ ನಡುವೆ ಗಾಡಿ ನಿಲ್ಲಿ ಸೆಲ್ಫಿ ತೆಗೆಯುವ ಸಾಹಸ ಮಾಡಬೇಡಿ, ಆನೆಗೆ ಡ್ಯೂಪ್ ಹಾಕುವುದು ಗೊತ್ತಿಲ್ಲ! ಗೊರೆಹಬ್ಬಕ್ಕೆ ಹೋಗುವವರು ಹಳೇ ಬಟ್ಟೆ ಹಾಕಿಕೊಂಡು ಹೋಗಿ.

ಗಾಜನೂರಿನಲ್ಲಿ ಹಾರ್ನ್ ಬೇಡ, ಧ್ವಜ ಬೇಡ, ಯಾರದೋ ಮನೆ ಜಗಲಿ ಹತ್ತಿ ಫೋಟೋ ಬೇಡ. ಬದಲಿಗೆ ಚೀಲದಲ್ಲಿ ಎರಡು ಕನ್ನಡ ಕಥೆ ಪುಸ್ತಕ ಇಟ್ಟುಕೊಂಡು ಹೋಗಿ. ಶಾಲೆಯ ಮೇಷ್ಟರ ಕೈಗೆ ಕೊಟ್ಟು ಬನ್ನಿ. ಎಂಟನೇ ವಯಸ್ಸಿಗೆ ಶಾಲೆ ಬಿಟ್ಟ ಹುಡುಗನೊಬ್ಬ ಆ ಬೀದಿಯಲ್ಲಿ ಓಡಾಡಿದ್ದ. ಈಗ ಓಡಾಡುತ್ತಿರುವ ಹುಡುಗ ಬಿಡದೆ ಓದಲಿ.